ಮುಂದಿನ 25 ವರ್ಷದ ವಿದ್ಯುತ್ತಿನ ಲೆಕ್ಕ ಯಾರ ಹೊಣೆ?



2020ರ ಮಳೆಗಾಲದಲ್ಲಿ ಕರ್ನಾಟಕದಲ್ಲಿ ವಿದ್ಯುತ್ತು ಬೇಕಾದ್ದಕ್ಕಿಂತ ಹೆಚ್ಚಾಗಿತ್ತು. ಕೋವಿಡ್‌ನಿಂದ ಬೇಡಿಕೆ ಕುಸಿದಿತ್ತು. ಗಾಳಿ, ಬಿಸಿಲು, ನೀರು ಮೂರರಿಂದಲೂ ಸಾಕಷ್ಟು ವಿದ್ಯುತ್ತು ಬರುತ್ತಿತ್ತು. ರಾಯಚೂರು, ಬಳ್ಳಾರಿ, ಯರಮರಸ್ ಉಷ್ಣ ಸ್ಥಾವರಗಳ ಘಟಕಗಳನ್ನು ನಿಲ್ಲಿಸಿ ಇಡಬೇಕಾಯಿತು. ಘಟಕ ನಿಂತರೂ ಸಾಲದ ಬಡ್ಡಿ ನಿಲ್ಲುವುದಿಲ್ಲ, ಸಿಬ್ಬಂದಿಯ ಸಂಬಳ ನಿಲ್ಲುವುದಿಲ್ಲ. ಆ ಹೊರೆಯೆಲ್ಲ ನಿಗದಿತ ಶುಲ್ಕದ ಹೆಸರಿನಲ್ಲಿ ಕೊನೆಗೆ ಬಳಕೆದಾರರ ಬಿಲ್ಲಿಗೇ ಬಂದು ಸೇರುತ್ತದೆ. ಇದಾಗಿ ಮೂರು ವರ್ಷಕ್ಕೆ, 2023ರಲ್ಲಿ, ಮುಂಗಾರು ಕೈಕೊಟ್ಟಿತು. ಜಲಾಶಯಗಳು ತುಂಬಲಿಲ್ಲ, ಬೆಳೆ ಒಣಗತೊಡಗಿದ್ದರಿಂದ ಪಂಪ್‌ಸೆಟ್‌ಗಳು ಮಳೆಗಾಲದಲ್ಲೇ ಓಡಿದವು. ಏಳು ಗಂಟೆ ಬರಬೇಕಿದ್ದ ತ್ರೀ ಫೇಸ್ ಕರೆಂಟು ಐದು ಗಂಟೆಗೆ ಇಳಿಯಿತು. ಆ ಅಕ್ಟೋಬರ್‌ನಲ್ಲಿ ಸರ್ಕಾರ 2003ರ ವಿದ್ಯುಚ್ಛಕ್ತಿ ಕಾಯ್ದೆಯ 11ನೇ ಸೆಕ್ಷನ್ ಬಳಸಿ, ರಾಜ್ಯದೊಳಗಿನ ಉತ್ಪಾದಕರೆಲ್ಲ ತಮ್ಮ ವಿದ್ಯುತ್ತನ್ನು ರಾಜ್ಯಕ್ಕೇ ಕೊಡಬೇಕೆಂದು ಆದೇಶಿಸಿತು. ಪಂಜಾಬ್ ಮತ್ತು ಉತ್ತರ ಪ್ರದೇಶಗಳಿಂದ, ಮುಂದಿನ ಮಳೆಗಾಲದಲ್ಲಿ ಹಿಂದಿರುಗಿಸುವ ಕರಾರಿನ ಮೇಲೆ ವಿದ್ಯುತ್ತನ್ನು ಕೈಗಡ ತರಲಾಯಿತು.

ಈ ಮೂರು ವರ್ಷದಲ್ಲಿ ನಮ್ಮ ಸ್ಥಾವರಗಳು ಎಲ್ಲಿಗೂ ಹೋಗಿರಲಿಲ್ಲ, ಬಿಸಿಲೂ ಕಡಿಮೆಯಾಗಿರಲಿಲ್ಲ. ಮಳೆ ಕೈಕೊಡುವುದು ಈ ನಾಡಿಗೆ ಹೊಸದೇನೂ ಅಲ್ಲ. ಹೀಗಿದ್ದೂ ಒಂದು ವರ್ಷ ಮಿಗತೆ, ಇನ್ನೊಂದು ವರ್ಷ ಕೊರತೆ ಎಂದು ನಾವು ಒದ್ದಾಡುತ್ತೇವೆ. ಎರಡು ಸಂದರ್ಭದಲ್ಲೂ ದಂಡ ತೆರುವವರು ನಾವೇ. ನನ್ನ ಅಭಿಪ್ರಾಯದಲ್ಲಿ ಇದಕ್ಕೆ ಕಾರಣ ಉತ್ಪಾದನಾ ಸಾಮರ್ಥ್ಯದ ಕೊರತೆಗಿಂತ ಹೆಚ್ಚಾಗಿ, ರಾಜ್ಯದ ವಿದ್ಯುತ್ತಿನ ಅಗತ್ಯವನ್ನು ಇಡಿಯಾಗಿ, ದೀರ್ಘಾವಧಿಗೆ, ಬಹಿರಂಗವಾಗಿ ಲೆಕ್ಕ ಹಾಕುವ ಒಂದು ಅಧಿಕೃತ ವ್ಯವಸ್ಥೆಯೇ ನಮ್ಮಲ್ಲಿ ಇಲ್ಲದಿರುವುದು. ಅಂಥದೊಂದು ಕಾರ್ಯಪಡೆಯನ್ನು ಕಾಯ್ದೆಯ ಬಲದೊಡನೆ ರಚಿಸಬೇಕು ಎಂಬುದನ್ನು ಈ ಹೊತ್ತು ವಾದಿಸಬಯಸುತ್ತೇನೆ.

ದೂರದೃಷ್ಟಿ ನಮ್ಮ ನೆಲಕ್ಕೆ ಅಪರಿಚಿತವಲ್ಲ. ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ತು ಹುಟ್ಟಿ, ನೂರನಲವತ್ತು ಕಿಲೋಮೀಟರಿಗೂ ಹೆಚ್ಚು ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಬೇಸಿಗೆಯಲ್ಲಿ ಕಾವೇರಿ ಬಡವಾದಾಗ ಗಣಿಗೆ ಕೊಟ್ಟ ಮಾತು ಉಳಿಸಿಕೊಳ್ಳುವುದು ಕಷ್ಟವೆಂದು ಅಂದಿನ ಎಂಜಿನಿಯರುಗಳಿಗೆ ಬೇಗನೆ ಗೊತ್ತಾಯಿತು. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಅಣೆಕಟ್ಟೆಯ ಹಿಂದೆ ಮಂಡ್ಯದ ಗದ್ದೆಗಳಷ್ಟೇ ಅಲ್ಲ, ಶಿವನಸಮುದ್ರಕ್ಕೆ ವರ್ಷವಿಡೀ ಒಂದೇ ಸಮನೆ ನೀರು ಒದಗಿಸುವ ಉದ್ದೇಶವೂ ಇತ್ತು. ನದಿ, ನೀರಾವರಿ, ಗಣಿ, ವಿದ್ಯುತ್ತು ಎಲ್ಲವನ್ನೂ ಒಟ್ಟಿಗೆ ಇಟ್ಟು ಯೋಚಿಸಿದ್ದರ ಫಲ ಅದು. ಜೋಗ, ಆಮೇಲೆ ಲಿಂಗನಮಕ್ಕಿ ಮತ್ತು ಶರಾವತಿಯ 1,035 ಮೆಗಾವ್ಯಾಟ್ ಸ್ಥಾವರ ಬಂದವು. 1985ರಲ್ಲಿ ರಾಯಚೂರಿನ ಮೊದಲ ಘಟಕ ಶುರುವಾಗುವವರೆಗೂ ರಾಜ್ಯದ ಸ್ವಂತ ಉತ್ಪಾದನೆ ಹೆಚ್ಚುಕಡಿಮೆ ಪೂರ್ತಿಯಾಗಿ ಮಳೆಯನ್ನೇ ನೆಚ್ಚಿಕೊಂಡಿತ್ತು. ಲಿಂಗನಮಕ್ಕಿಯ ನೀರಿನ ಮಟ್ಟ 1,819 ಅಡಿ ಮುಟ್ಟುತ್ತದೆಯೇ ಎಂದು ಪ್ರತಿ ವರ್ಷ ಪತ್ರಿಕೆ ಬಿಡಿಸಿ ನೋಡುವ ಅಭ್ಯಾಸ ನಮಗೆ ಬಂದದ್ದು ಹಾಗೆ.

ಇಂದಿನ ಚಿತ್ರ ಬೇರೆ. ವಿದ್ಯುತ್ ಉತ್ಪಾದನೆ ಒಂದು ನಿಗಮದ್ದು. ದೊಡ್ಡ ಲೈನುಗಳು ಕೆಪಿಟಿಸಿಎಲ್‌ನವು. ಹಂಚುವ ಕೆಲಸ ಬೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಮೆಸ್ಕಾಂ, ಚಾಮುಂಡೇಶ್ವರಿ ಎಂಬ ಐದು ಕಂಪನಿಗಳದು. ಹೊರಗಿನಿಂದ ಖರೀದಿಸಲು ಪಿಸಿಕೆಎಲ್, ಸೌರ ಮತ್ತು ಪವನ ವಿದ್ಯುತ್ತಿಗೆ ಕ್ರೆಡಲ್, ದರ ನಿಗದಿಗೆ 1999ರಲ್ಲಿ ಬಂದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಎಲ್ಲದರ ಮೇಲೆ ಇಂಧನ ಇಲಾಖೆ. ಒಂದೊಂದು ಸಂಸ್ಥೆಗೂ ತನ್ನ ಪಾಲಿನ ಕೆಲಸ ಗೊತ್ತು. ಆದರೆ 2045ರಲ್ಲಿ ಕಲಬುರಗಿಯ ತೊಗರಿ ಹೊಲಕ್ಕೆ, ಪೀಣ್ಯದ ಕಾರ್ಖಾನೆಗೆ, ಬೆಂಗಳೂರಿನ ಮೆಟ್ರೊಗೆ, ಡೇಟಾ ಸೆಂಟರುಗಳಿಗೆ, ಚಾರ್ಜಿಗೆ ಹಾಕುವ ಲಕ್ಷಾಂತರ ವಾಹನಗಳಿಗೆ ಒಟ್ಟು ಎಷ್ಟು ವಿದ್ಯುತ್ತು ಬೇಕು, ಅದರಲ್ಲಿ ಎಷ್ಟನ್ನು ಉಳಿತಾಯದಿಂದ ಪಡೆಯಬಹುದು, ಮಿಕ್ಕದ್ದಕ್ಕೆ ಎಷ್ಟು ನೆಲ, ಎಷ್ಟು ನೀರು, ಎಷ್ಟು ಕಾಡು ತೆರಬೇಕು ಎಂದು ಕೇಳುವುದು ಇವುಗಳಲ್ಲಿ ಯಾವುದರ ಕರ್ತವ್ಯವೂ ಅಲ್ಲ. ದರ ಪರಿಷ್ಕರಣೆಯ ಅರ್ಜಿಗೆಂದು ಮಾಡುವ ಅಂದಾಜು ಕೆಲವೇ ವರ್ಷಗಳ ಮುಂದಿನದು. ಅದರ ಆಧಾರದ ಮೇಲೆ ಸಹಿ ಬೀಳುವ ಖರೀದಿ ಒಪ್ಪಂದ ಮಾತ್ರ 25 ವರ್ಷದ್ದು.

ಈ ಅಂತರ ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ ಪಾವಗಡದ ಸೌರ ಪಾರ್ಕೇ ಉದಾಹರಣೆ. 2016ರ ಹರಾಜಿನಲ್ಲಿ ಅಲ್ಲಿನ ವಿದ್ಯುತ್ತಿಗೆ ಯೂನಿಟ್ಟಿಗೆ ಸುಮಾರು 4 ರೂಪಾಯಿ 80 ಪೈಸೆ ಬಿತ್ತು. ಎರಡು ವರ್ಷದ ಮೇಲೆ ಅದೇ ನೆಲದಲ್ಲಿ ಬೆಲೆ 3 ರೂಪಾಯಿಗಿಂತ ಕೆಳಗಿಳಿಯಿತು. ಬೆಲೆ ಇಳಿಯುವುದನ್ನು ಪೈಸೆಯ ಮಟ್ಟಕ್ಕೆ ಯಾರೂ ಮೊದಲೇ ಹೇಳಲಾರರು, ನಿಜ. ಆದರೆ ಇಳಿಯುವ ದಿಕ್ಕು ಆಗಲೇ ಕಾಣುತ್ತಿತ್ತು. ಎಷ್ಟನ್ನು ಈಗ ಕೊಳ್ಳಬೇಕು, ಎಷ್ಟಕ್ಕೆ ಕಾಯಬೇಕು ಎಂದು ತೂಗಿನೋಡುವುದು ಯೋಜನೆ ಮಾಡುವವರ ಕೆಲಸ. ಆತುರದಲ್ಲಿ ಟೆಂಡರು ಕರೆಯುವವರಿಂದ ಅದನ್ನು ನಿರೀಕ್ಷಿಸಲಾಗದು.

ಇನ್ನು ಈ ವಾದಕ್ಕೆ ನಮ್ಮಲ್ಲೇ ಇರುವ ಅತ್ಯಂತ ಬಲವಾದ ಸಾಕ್ಷ್ಯಕ್ಕೆ ಬರುತ್ತೇನೆ. 1987ರಲ್ಲಿ ರಾಜ್ಯ ಸರ್ಕಾರ ನೇಮಿಸಿದ ಸಮಿತಿಯೊಂದು ವಿದ್ಯುತ್ ಯೋಜನೆಗಳ ದೀರ್ಘಾವಧಿ ನಕ್ಷೆಯನ್ನು ತಯಾರಿಸಿತು. 2000ನೇ ಇಸವಿಗೆ ಕರ್ನಾಟಕಕ್ಕೆ ವರ್ಷಕ್ಕೆ 4,752 ಕೋಟಿ ಯೂನಿಟ್ ವಿದ್ಯುತ್ತು, 9,420 ಮೆಗಾವ್ಯಾಟ್ ಸಾಮರ್ಥ್ಯ ಬೇಕಾಗುತ್ತದೆ ಎಂದಿತು. ಅಷ್ಟು ಕಟ್ಟಲು ಬೇಕಾದ ಹಣ ರಾಜ್ಯದ ಶಕ್ತಿಗೆ ಮೀರಿದ್ದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಪ್ರೊಫೆಸರ್ ಅಮೂಲ್ಯ ರೆಡ್ಡಿ ಮತ್ತು ಅವರ ಸಂಗಡಿಗರು ಅದೇ ಪ್ರಶ್ನೆಯನ್ನು ಬೇರೆ ತುದಿಯಿಂದ ಎತ್ತಿಕೊಂಡರು. ಹಿಂದಿನ ವರ್ಷಗಳ ಬೆಳವಣಿಗೆಯ ಗೆರೆಯನ್ನು ಹಾಗೇ ಮುಂದಕ್ಕೆ ಎಳೆಯುವ ಬದಲು, ಜನರಿಗೆ ವಿದ್ಯುತ್ತು ಯಾವ ಯಾವ ಕೆಲಸಕ್ಕೆ ಬೇಕು ಎಂದು ಕೇಳಿದರು. ಮನೆಗೆ ಬೇಕಾದ್ದು ಬೆಳಕು, ಬಿಸಿನೀರು. ರೈತನಿಗೆ ಬೇಕಾದ್ದು ಹೊಲಕ್ಕೆ ನೀರು. ಅದೇ ಬೆಳಕನ್ನು ಕಡಿಮೆ ವಿದ್ಯುತ್ತು ಬೇಡುವ ದೀಪ ಕೊಡುತ್ತದೆ. ಅದೇ ಬಿಸಿನೀರನ್ನು ಸೂರ್ಯ ಕಾಯಿಸಿ ಕೊಡುತ್ತಾನೆ. ಕಬ್ಬಿನ ಸಿಪ್ಪೆ ಉರಿಸುವ ಸಕ್ಕರೆ ಕಾರ್ಖಾನೆ ತಾನೇ ವಿದ್ಯುತ್ತು ಮಾಡಿ ಮಾರಬಲ್ಲದು. ಇವನ್ನೆಲ್ಲ ಒಂದೊಂದರ ವೆಚ್ಚದ ಜೊತೆಗೆ ಸಾಲಾಗಿ ಜೋಡಿಸಿ, ಅಗ್ಗವಾದದ್ದನ್ನು ಮೊದಲು ತೆಗೆದುಕೊಳ್ಳುತ್ತ ಹೋದಾಗ ಸಿಕ್ಕ ಲೆಕ್ಕ: 1,790 ಕೋಟಿ ಯೂನಿಟ್, ಸುಮಾರು 4,000 ಮೆಗಾವ್ಯಾಟ್. ಗಮನಿಸಬೇಕಾದ್ದೆಂದರೆ, ಇದು ಜನರನ್ನು ಕತ್ತಲಲ್ಲಿಟ್ಟು ಹಾಕಿದ ಲೆಕ್ಕವಲ್ಲ. ರಾಜ್ಯದ ಪ್ರತಿಯೊಂದು ಮನೆಗೂ ವಿದ್ಯುತ್ತು ಮುಟ್ಟಿಸುವುದು ಅದರಲ್ಲಿ ಸೇರಿತ್ತು.

ಆಮೇಲೆ ಆದದ್ದೇನು? 2000 ಬಂದಾಗ ರಾಜ್ಯ 9,420 ಮೆಗಾವ್ಯಾಟ್‌ನ ಹತ್ತಿರಕ್ಕೂ ಹೋಗಿರಲಿಲ್ಲ. ಕೊರತೆಯೂ ಇತ್ತು, ಲೋಡ್ ಶೆಡ್ಡಿಂಗೂ ಇತ್ತು, ಹಾಗಾಗಿ ರೆಡ್ಡಿಯವರ ಲೆಕ್ಕವೇ ಅಕ್ಷರಶಃ ನಿಜವಾಯಿತು ಎಂದು ನಾನು ಹೇಳಲಾರೆ. ಆದರೆ ಅವರು ಹೇಳಿದ ಉಪಾಯಗಳು ಒಂದೊಂದಾಗಿ, ತಡವಾಗಿ, ಒಂದಕ್ಕೊಂದು ಸಂಬಂಧವಿಲ್ಲದಂತೆ ಜಾರಿಗೆ ಬಂದವು. ಸಕ್ಕರೆ ಕಾರ್ಖಾನೆಗಳ ಸಹ ವಿದ್ಯುತ್ ಉತ್ಪಾದನೆ ಬಂತು. ಸೌರ ಹಂಡೆ ಇರುವ ಮನೆಗೆ ಬಿಲ್ಲಿನಲ್ಲಿ ರಿಯಾಯಿತಿ ಬಂತು. 2015ರ ಕೊನೆಯಲ್ಲಿ ಹೊಸ ಬೆಳಕು ಯೋಜನೆಯಲ್ಲಿ ಒಂಬತ್ತು ವ್ಯಾಟಿನ ಎಲ್‌ಇಡಿ ಬಲ್ಬುಗಳು ಮನೆಮನೆಗೆ ಹೋಗಿ, ಅರವತ್ತು ವ್ಯಾಟಿನ ಹಳೆಯ ಬಲ್ಬುಗಳು ಮೂಲೆ ಸೇರಿದವು. 1990ರ ಸುಮಾರಿಗೇ ಒಂದು ಅಧಿಕೃತ ಕಾರ್ಯಪಡೆ ಈ ಎರಡು ಲೆಕ್ಕಗಳನ್ನೂ ಒಂದೇ ಮೇಜಿನ ಮೇಲಿಟ್ಟು, ಬಹಿರಂಗವಾಗಿ ಚರ್ಚಿಸಿ, ಒಂದನ್ನು ಒಪ್ಪಿ ಕೆಲಸಕ್ಕೆ ಇಳಿದಿದ್ದರೆ ಇವೆಲ್ಲ ಎರಡು ದಶಕ ಮೊದಲೇ ಆಗಬಹುದಿತ್ತು. ಒಳ್ಳೆಯ ಅಧ್ಯಯನ ನಮ್ಮ ಊರಿನಲ್ಲೇ ಹುಟ್ಟಿತು, ಅದನ್ನು ಎತ್ತಿಕೊಳ್ಳುವ ಕೈ ಸರ್ಕಾರದಲ್ಲಿ ಇರಲಿಲ್ಲ.

ಇನ್ನೂ ಜಾರಿಗೆ ಬಾರದೆ ಉಳಿದದ್ದು ಎಲ್ಲಕ್ಕಿಂತ ದೊಡ್ಡದು. ಅದು ಪಂಪ್‌ಸೆಟ್. ರಾಜ್ಯದಲ್ಲಿ 30 ಲಕ್ಷಕ್ಕೂ ಹೆಚ್ಚು ಪಂಪ್‌ಸೆಟ್‌ಗಳಿವೆ. ವಿತರಣಾ ಕಂಪನಿಗಳು ಮಾರುವ ವಿದ್ಯುತ್ತಿನಲ್ಲಿ ಮೂರನೆಯ ಒಂದು ಭಾಗದಷ್ಟು ಅವುಗಳ ಲೆಕ್ಕಕ್ಕೆ ಹೋಗುತ್ತದೆ. 10 ಎಚ್‌ಪಿವರೆಗೆ ಕರೆಂಟು ಉಚಿತ. ಬಹುಪಾಲಿಗೆ ಮೀಟರು ಇಲ್ಲ, ಆದ್ದರಿಂದ ಆ ಮೂರನೆಯ ಒಂದು ಭಾಗವೂ ಒಂದು ಅಂದಾಜೇ. ಕೋಲಾರ, ಚಿಕ್ಕಬಳ್ಳಾಪುರ, ಚಿತ್ರದುರ್ಗದ ಕಡೆಯ ಒಂದು ಫೀಡರನ್ನು ಹತ್ತಿರದಿಂದ ನೋಡಿ. ತ್ರೀ ಫೇಸ್ ಯಾವಾಗ ಬರುತ್ತದೆಂಬ ಖಾತ್ರಿ ಇಲ್ಲದ್ದರಿಂದ ರೈತ ಆಟೊ ಸ್ಟಾರ್ಟರ್ ಹಾಕಿಸಿರುತ್ತಾನೆ. ಕರೆಂಟು ಬಂದ ಕ್ಷಣ ಆ ಲೈನಿನ ಮೋಟಾರುಗಳೆಲ್ಲ ಒಟ್ಟಿಗೇ ಶುರುವಾಗುತ್ತವೆ. ವೋಲ್ಟೇಜು ಕುಸಿಯುತ್ತದೆ, ಮೋಟಾರಿನ ವೈಂಡಿಂಗ್ ಸುಡುತ್ತದೆ, ಇಲ್ಲವೇ ಟಿಸಿಯೇ, ಅಂದರೆ ಟ್ರಾನ್ಸ್‌ಫಾರ್ಮರೇ, ಸುಡುತ್ತದೆ. ಟಿಸಿ ಬದಲಾಗಿ ಬರುವವರೆಗೆ ಬೆಳೆ ಒಣಗುತ್ತದೆ. ಮತ್ತೆ ರೀವೈಂಡಿಂಗ್ ಮಾಡಿಸಿದ ಮೋಟಾರು ಮೊದಲಿಗಿಂತ ಹೆಚ್ಚು ಕರೆಂಟು ಎಳೆಯುತ್ತದೆ. ಅಂತರ್ಜಲ ಕೆಳಗೆ ಹೋದಂತೆ ಅದೇ ಒಂದು ಕೊಡ ನೀರಿಗೆ ಇನ್ನಷ್ಟು ವಿದ್ಯುತ್ತು ಬೇಕಾಗುತ್ತದೆ. ಇದಕ್ಕೆಲ್ಲ ಸರ್ಕಾರ ವರ್ಷಕ್ಕೆ ಹತ್ತು ಸಾವಿರ ಕೋಟಿ ರೂಪಾಯಿ ಮೀರಿದ ಸಹಾಯಧನ ಕೊಡುತ್ತಿದೆ. ಅದೇ ಹಣದ ಒಂದು ಪಾಲಿನಲ್ಲಿ ಉತ್ತಮ ಪಂಪು, ಸರಿಯಾದ ಅಳತೆಯ ಪೈಪು, ಘರ್ಷಣೆ ಕಡಿಮೆ ಇರುವ ಫುಟ್‌ವಾಲ್ವ್ ಒದಗಿಸಿದರೆ ನೀರು ಒಂದು ತೊಟ್ಟೂ ಕಡಿಮೆಯಾಗದೆ ವಿದ್ಯುತ್ತು ಉಳಿಯುತ್ತದೆ. ಫೀಡರಿನ ಪಕ್ಕದಲ್ಲೇ ಸೌರ ಘಟಕ ಹಾಕಿ ಹಗಲಿನಲ್ಲಿ ಕರೆಂಟು ಕೊಟ್ಟರೆ ರೈತ ರಾತ್ರಿ ಹಾವು ಚೇಳಿನ ನಡುವೆ ನೀರು ಕಟ್ಟುವುದು ತಪ್ಪುತ್ತದೆ. ಈ ದಿಕ್ಕಿನಲ್ಲಿ ಕೆಲಸ ಶುರುವಾಗಿದೆ. ಆದರೆ ಕೃಷಿ, ಅಂತರ್ಜಲ, ಇಂಧನ, ಹಣಕಾಸು ಎಂಬ ನಾಲ್ಕು ಇಲಾಖೆಗಳ ನಡುವೆ ಹಂಚಿಹೋದ ಈ ಪ್ರಶ್ನೆಗೆ ಒಬ್ಬ ಒಡೆಯ ಬೇಕು.

ಲೆಕ್ಕ ತಪ್ಪಿದ್ದಕ್ಕೆ ದೊಡ್ಡ ಬೆಲೆ ತೆತ್ತು, ಆಮೇಲೆ ಎಚ್ಚೆತ್ತುಕೊಂಡ ಒಂದು ಪ್ರದೇಶದ ಅನುಭವ ನಮಗೆ ಉಪಯುಕ್ತ. ಅಮೆರಿಕದ ವಾಯವ್ಯ ಭಾಗದ ರಾಜ್ಯಗಳು ನಮ್ಮಂತೆಯೇ ನದಿಯ ವಿದ್ಯುತ್ತನ್ನು ನೆಚ್ಚಿದವು. ಬೇಡಿಕೆ ಭರದಿಂದ ಏರುತ್ತಲೇ ಹೋಗುತ್ತದೆಂದು ನಂಬಿ, 1970ರ ದಶಕದಲ್ಲಿ ವಾಷಿಂಗ್ಟನ್ ರಾಜ್ಯದ ಸಾರ್ವಜನಿಕ ಸಂಸ್ಥೆಯೊಂದು ಐದು ಪರಮಾಣು ಸ್ಥಾವರಗಳನ್ನು ಒಟ್ಟಿಗೇ ಕಟ್ಟಲು ಹೊರಟಿತು. ಬೇಡಿಕೆ ಹಾಗೆ ಏರಲಿಲ್ಲ. ಐದರಲ್ಲಿ ಪೂರ್ತಿಯಾದದ್ದು ಒಂದೇ. 1983ರಲ್ಲಿ ಆ ಸಂಸ್ಥೆ 225 ಕೋಟಿ ಡಾಲರ್ ಸಾಲಪತ್ರಗಳನ್ನು ತೀರಿಸಲಾರದೆ ಕೈಚೆಲ್ಲಿತು. ಈ ಸಂಕಟದ ನಡುವೆಯೇ, 1980ರ ಒಂದು ಕಾಯ್ದೆಯ ಮೂಲಕ, ನಾಲ್ಕು ರಾಜ್ಯಗಳಿಂದ ಇಬ್ಬಿಬ್ಬರಂತೆ ಎಂಟು ಸದಸ್ಯರ ವಿದ್ಯುತ್ ಯೋಜನಾ ಮಂಡಳಿ ರಚನೆಯಾಯಿತು. 20 ವರ್ಷದ ಯೋಜನೆ ಮಾಡುವುದು, ಐದು ವರ್ಷಕ್ಕೊಮ್ಮೆಯಾದರೂ ಅದನ್ನು ಪುನಃ ಪರಿಶೀಲಿಸುವುದು, ಜನರ ಅಭಿಪ್ರಾಯ ಕೇಳುವುದು ಅದರ ಕೆಲಸ. ಉಳಿತಾಯವನ್ನು ಸ್ಥಾವರಕ್ಕೆ ಸಮನಾದ ವಿದ್ಯುತ್ ಮೂಲವೆಂದು ಪರಿಗಣಿಸಿ ಅದಕ್ಕೇ ಮೊದಲ ಪ್ರಾಶಸ್ತ್ಯ ಕೊಡಬೇಕೆಂದು ಕಾಯ್ದೆಯೇ ಹೇಳಿತು. ಇಂದು ಆ ಪ್ರದೇಶದಲ್ಲಿ ಜಲವಿದ್ಯುತ್ತಿನ ನಂತರದ ಎರಡನೆಯ ದೊಡ್ಡ ಮೂಲವೆಂದರೆ ದಕ್ಷ ಬಳಕೆಯಿಂದ ಉಳಿದ ವಿದ್ಯುತ್ತು.

ಇಂಥ ಕಾರ್ಯಪಡೆ ಈಗೇಕೆ, ಕೇಂದ್ರ ವಿದ್ಯುಚ್ಛಕ್ತಿ ಪ್ರಾಧಿಕಾರವಿದೆಯಲ್ಲ, 2023ರಲ್ಲಿ ಬಂದ ಕೇಂದ್ರದ ಮಾರ್ಗಸೂಚಿಯ ಪ್ರಕಾರ ವಿತರಣಾ ಕಂಪನಿಗಳು ಮುಂದಿನ 10 ವರ್ಷಕ್ಕೆ ಸಾಕಾಗುವಷ್ಟು ವಿದ್ಯುತ್ತಿನ ಯೋಜನೆ ಮಾಡಲೇಬೇಕಲ್ಲ ಎಂದು ತಿಳಿದವರು ಕೇಳುತ್ತಾರೆ. ಇದು ಗಟ್ಟಿ ಪ್ರಶ್ನೆ. ಆ ಮಾರ್ಗಸೂಚಿ ಒಳ್ಳೆಯ ಹೆಜ್ಜೆಯೇ. ಆದರೆ ಅದು ಕೇಳುವುದು, ಇಷ್ಟು ಬೇಡಿಕೆಗೆ ಸಾಕಾಗುವಷ್ಟು ಕೊಂಡಿದ್ದೀರಾ ಎಂದು. ಆ ಬೇಡಿಕೆಯನ್ನೇ ಬೇರೆ ರೀತಿಯಲ್ಲಿ ತೀರಿಸಬಹುದೇ ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ. ಅದಲ್ಲದೆ ವಿದ್ಯುತ್ತು ಮಾರಿ ಬದುಕುವ ಕಂಪನಿ, ತನ್ನ ಅತಿ ಹೆಚ್ಚು ಬಿಲ್ಲು ಕಟ್ಟುವ ಗ್ರಾಹಕರು ಚಾವಣಿಯ ಮೇಲೆ ಸೌರ ಫಲಕ ಹಾಕಿಕೊಳ್ಳಲಿ ಎಂದು ಮನಸಾರೆ ಬಯಸುವುದು ಕಷ್ಟ. ಉತ್ಪಾದನಾ ನಿಗಮ ಹೊಸ ಸ್ಥಾವರವನ್ನು ಬಯಸುವುದೂ ಅಷ್ಟೇ ಸಹಜ. ಅವರವರ ಹಿತ ಅವರವರಿಗೆ. ಅದಕ್ಕೇ ಇಡೀ ರಾಜ್ಯದ ಹಿತ ನೋಡುವ, ಏನನ್ನೂ ಮಾರದ, ಏನನ್ನೂ ಕಟ್ಟದ ಒಂದು ತಂಡ ಬೇಕು.

ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಪಶ್ಚಿಮ ಘಟ್ಟದಲ್ಲಿ ನೋಡುತ್ತಿದ್ದೇವೆ. ಶರಾವತಿ ಕಣಿವೆಯಲ್ಲಿ, ತಳಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪವಿದೆ. ಹಗಲು ಮಿಕ್ಕ ಸೌರ ವಿದ್ಯುತ್ತಿನಿಂದ ನೀರನ್ನು ಮೇಲಕ್ಕೆತ್ತಿ, ಸಂಜೆ ದೀಪ ಹತ್ತುವ ಹೊತ್ತಿಗೆ ಕೆಳಗೆ ಬಿಟ್ಟು ವಿದ್ಯುತ್ತು ಪಡೆಯುವುದು ಉದ್ದೇಶ. ಸಂಜೆಯ ಅಗತ್ಯ ನಿಜವಾದದ್ದು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಇಂಥ ಯೋಜನೆ ಕೊಡುವುದಕ್ಕಿಂತ ಹೆಚ್ಚು ವಿದ್ಯುತ್ತನ್ನು ನುಂಗುತ್ತದೆ. ಜಾಗ ಸಿಂಗಳೀಕದ ಅಭಯಾರಣ್ಯದೊಳಗಿನದು. ಹಾಗಾದರೆ ಕೇಳಬೇಕಾದ ಪ್ರಶ್ನೆಗಳ ಒಂದು ಕ್ರಮವಿದೆ. ಈಗಿರುವ ಶರಾವತಿ, ವಾರಾಹಿ, ನಾಗಝರಿ ಸ್ಥಾವರಗಳ ನೀರನ್ನು ಹಗಲು ಹಿಡಿದಿಟ್ಟು ಸಂಜೆಗೇ ಬಿಟ್ಟರೆ ಎಷ್ಟು ಸಿಗುತ್ತದೆ? ಬ್ಯಾಟರಿಗೆ ಎಷ್ಟಾಗುತ್ತದೆ? ರಾತ್ರಿಯೂ ಬೀಸುವ ಗಾಳಿಯ ಪಾಲೆಷ್ಟು? ಕಾರ್ಖಾನೆಗಳಿಗೆ ಹಗಲಿಗೊಂದು, ಸಂಜೆಗೊಂದು ದರವಿಟ್ಟರೆ ಬೇಡಿಕೆ ಎಷ್ಟು ಸರಿಯುತ್ತದೆ? ಇದನ್ನೆಲ್ಲ ಅಕ್ಕಪಕ್ಕ ಇಟ್ಟು ನೋಡಿದ ಮೇಲೂ ಕಣಿವೆಯ ಯೋಜನೆಯೇ ಬೇಕೆಂದು ಬಂದರೆ ಅದಕ್ಕೊಂದು ನೈತಿಕ ಬಲ ಇರುತ್ತದೆ. ಹಾಗೆ ನೋಡದೆ ಯೋಜನೆ ಮುಂದಿಟ್ಟಾಗ ಜನ ಬೀದಿಗೆ ಇಳಿಯುತ್ತಾರೆ. ಮೈಸೂರು ಜಿಲ್ಲೆಯ ಚಾಮಲಾಪುರದಲ್ಲೂ ಉತ್ತರ ಕನ್ನಡದ ತದಡಿಯಲ್ಲೂ ಉಷ್ಣ ಸ್ಥಾವರದ ಪ್ರಸ್ತಾಪಗಳಿಗೆ ಆದದ್ದು ಅದೇ. ವರ್ಷಗಟ್ಟಲೆ ಸಮಯ ಹೋಯಿತು, ಸ್ಥಾವರವೂ ಬರಲಿಲ್ಲ. ಪಾವಗಡದಲ್ಲಿ ಹದಿಮೂರು ಸಾವಿರ ಎಕರೆಯನ್ನು ರೈತರಿಂದ ಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದದ್ದು ಉತ್ತಮ ಮಾದರಿ. ಆದರೆ ನೆಲವೇ ಇಲ್ಲದ ಕೂಲಿಯವರಿಗೆ ಆ ಗುತ್ತಿಗೆಯಿಂದ ಬಂದದ್ದೇನು ಎಂಬುದೂ ಲೆಕ್ಕದಲ್ಲಿ ಬರಬೇಕಿತ್ತು.

ಸಮಿತಿಗಳ ವರದಿಗಳು ದೂಳು ತಿನ್ನುತ್ತವೆ ಎಂಬುದು ಇನ್ನೊಂದು ಆಕ್ಷೇಪ. ಅದೇ ಕಾರಣಕ್ಕೆ ಕಾಯ್ದೆಯ ಬಲ ಬೇಕೆನ್ನುತ್ತಿದ್ದೇನೆ. ವಿದ್ಯುತ್ತು ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ, ರಾಜ್ಯ ಶಾಸನ ಮಾಡಬಹುದು. ಅಷ್ಟರವರೆಗೆ, ಸಾರ್ವಜನಿಕ ಹಿತದ ನೀತಿಯ ವಿಷಯದಲ್ಲಿ ನಿಯಂತ್ರಣ ಆಯೋಗಕ್ಕೆ ಲಿಖಿತ ನಿರ್ದೇಶನ ಕೊಡಲು 2003ರ ಕಾಯ್ದೆಯ 108ನೇ ಸೆಕ್ಷನ್ ಸರ್ಕಾರಕ್ಕೆ ಅವಕಾಶ ಕೊಟ್ಟಿದೆ. ಯಾವ ದೊಡ್ಡ ಖರೀದಿ ಒಪ್ಪಂದ ಒಪ್ಪಿಗೆಗೆ ಬಂದರೂ, ಅದು 25 ವರ್ಷದ ಯೋಜನೆಗೆ ಹೊಂದುತ್ತದೆಯೇ, ಹೊಂದದಿದ್ದರೆ ಕಾರಣವೇನು ಎಂದು ಆಯೋಗ ಬರೆದು ಹೇಳುವಂತಾಗಬೇಕು. ಯೋಜನೆಯನ್ನು ವಿಧಾನಮಂಡಲದ ಮುಂದೆ ಮಂಡಿಸಬೇಕು, ಎರಡು ವರ್ಷಕ್ಕೊಮ್ಮೆ ತಿದ್ದಬೇಕು, ಅದರ ಅಂಕಿಅಂಶಗಳೆಲ್ಲ ಕನ್ನಡದಲ್ಲಿ ಪ್ರಕಟವಾಗಬೇಕು. ಕಾರ್ಯಪಡೆಯಲ್ಲಿ ವಿದ್ಯುತ್ ಎಂಜಿನಿಯರುಗಳ ಜೊತೆಗೆ ಅಂತರ್ಜಲ ಬಲ್ಲವರು, ಅರ್ಥಶಾಸ್ತ್ರಜ್ಞರು, ಕಾಡನ್ನು ಬಲ್ಲವರು, ರೈತರ ಹಾಗೂ ಸಣ್ಣ ಕೈಗಾರಿಕೆಗಳ ಪ್ರತಿನಿಧಿಗಳು ಇರಬೇಕು. ಅವಧಿ ಒಂದು ಸರ್ಕಾರದ ಆಯುಸ್ಸಿಗೆ ಕಟ್ಟುಬೀಳಬಾರದು.

ಮುಂದಿನದನ್ನು ಯಾರು ಕಂಡಿದ್ದಾರೆ, 25 ವರ್ಷದ ಅಂದಾಜು ಸುಳ್ಳಾಗುವುದು ಖಂಡಿತವಲ್ಲವೇ ಎನ್ನುವವರೂ ಇದ್ದಾರೆ. ಹೌದು, ಒಂದೇ ಅಂಕಿ ಹಿಡಿದು ಕೂತರೆ ಸುಳ್ಳಾಗುತ್ತದೆ. ಮಳೆ ಬಂದರೆ ಹೀಗೆ, ಬಾರದಿದ್ದರೆ ಹೀಗೆ, ಬ್ಯಾಟರಿ ಅಗ್ಗವಾದರೆ ಹೀಗೆ ಎಂದು ಹಲವು ದಾರಿಗಳನ್ನು ಮೊದಲೇ ನೋಡಿಟ್ಟುಕೊಂಡವರಿಗೆ ಅಂದಾಜು ತಪ್ಪಿದಾಗ ಯಾವ ದಾರಿಗೆ ತಿರುಗಬೇಕೆಂಬುದು ಗೊತ್ತಿರುತ್ತದೆ. 2023ರ ಅಕ್ಟೋಬರ್‌ನಲ್ಲಿ ನಮಗೆ ಇಲ್ಲದೆ ಹೋದದ್ದು ಅದೇ. ಉಚಿತ ಕರೆಂಟಿನ ವಿಷಯ ಮುಟ್ಟಲಾಗದು, ಆದ್ದರಿಂದ ಯಾವ ಯೋಜನೆಯೂ ನಡೆಯದು ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ರೈತನ ಸೌಲಭ್ಯವನ್ನು ಕಿತ್ತುಕೊಳ್ಳಬೇಕಾಗಿಲ್ಲ. ಟಿಸಿಗೊಂದು ಮೀಟರು ಹಾಕಿ ಎಷ್ಟು ಹೋಗುತ್ತಿದೆ ಎಂದು ತಿಳಿದುಕೊಳ್ಳುವುದರಿಂದ ಯಾರ ಕರೆಂಟೂ ಕಡಿತವಾಗುವುದಿಲ್ಲ. ಅಳತೆಯೇ ಇಲ್ಲದ ಕಡೆ ನಿಜವಾದ ಸಹಾಯ ಯಾರಿಗೆ ಮುಟ್ಟುತ್ತಿದೆ ಎಂಬುದು ರೈತನಿಗೂ ತಿಳಿಯುವುದಿಲ್ಲ.

2025ರ ಬೇಸಿಗೆಯಲ್ಲಿ ರಾಜ್ಯದ ಬೇಡಿಕೆ 18,000 ಮೆಗಾವ್ಯಾಟ್ ದಾಟಿತು. ಇನ್ನು ಕೆಲವು ವರ್ಷಗಳಲ್ಲಿ ಸಹಿಯಾಗುವ ಒಪ್ಪಂದಗಳ ಬೆಲೆಯನ್ನು, ಇಂದು ಒಂದನೇ ತರಗತಿಯಲ್ಲಿರುವ ಮಕ್ಕಳು ದುಡಿಯುವ ವಯಸ್ಸಿಗೆ ಬಂದ ಮೇಲೂ ತೆರುತ್ತಿರುತ್ತಾರೆ. ನಿಯಂತ್ರಣ ಆಯೋಗ ದರ ಪರಿಷ್ಕರಣೆಗೆ ಮುನ್ನ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಅಲ್ಲಿ ಯಾವ ಬಳಕೆದಾರರೂ ಆಕ್ಷೇಪಣೆ ಸಲ್ಲಿಸಬಹುದು, ಎದ್ದು ನಿಂತು ಮಾತನಾಡಬಹುದು. ಯೂನಿಟ್ಟಿಗೆ ಎಷ್ಟು ಪೈಸೆ ಏರಿಸುತ್ತೀರಿ ಎಂದು ಕೇಳುವ ಜೊತೆಗೆ, 25 ವರ್ಷದ ಯೋಜನೆ ಎಲ್ಲಿದೆ, ಅದನ್ನು ಮಾಡಿದವರು ಯಾರು ಎಂದು ಈ ಸಲ ಕೇಳಿ. ನಿಮ್ಮ ಶಾಸಕರನ್ನೂ ಅದನ್ನೇ ಕೇಳಿ.